ಅರ್ಧಕ್ಕೆ ಬಿಟ್ಟು ಏಳಬಹುದಾದ ಕೆಲಸ

ಕುರಿ, ಮೇಕೆ, ಕೋಳಿ ಇರುವ ಮನೆಯಲ್ಲಿ ಕೈಕೆಲಸಕ್ಕೆ ಅಂತ ಬೇರೆ ಹೊತ್ತು ಸಿಗುವುದಿಲ್ಲ. ಸಿಗಲಿ ಆಮೇಲೆ ಮಾಡೋಣ ಅಂತ ಕೂತರೆ ವರ್ಷ ಕಳೆದರೂ ಒಂದು ಎಳೆ ನೂಲು ಬರುವುದಿಲ್ಲ. ನಮ್ಮಲ್ಲಿ ಉಣ್ಣೆ ನೂಲುವುದು, ಬಣ್ಣ ಹಾಕುವುದು, ಹಗ್ಗ ಹೊಸೆಯುವುದು, ಸೋಪು ಮಾಡುವುದು ಎಲ್ಲಾ ನಡೆಯುತ್ತದೆ. ಯಾವುದನ್ನು ಯಾವಾಗ ಹಿಡಿಯಬೇಕು ಅನ್ನುವುದಕ್ಕೆ ಮಾತ್ರ ನಾನೂ ನನ್ನ ಗಂಡನೂ ಕೇಳಿಕೊಳ್ಳುವ ಪ್ರಶ್ನೆ ಒಂದೇ. ನಡುವೆ ಬಿಟ್ಟು ಎದ್ದು ಹೋದರೆ ಇದು ಕೆಡುತ್ತದಾ?

ಯಾಕೆ ಈ ಪ್ರಶ್ನೆ ಅಂದರೆ, ಪ್ರಾಣಿಗಳು ಹೇಳಿ ಕೇಳಿ ಕರೆಯುವುದಿಲ್ಲ. ಮೇಕೆ ಬೇಲಿಗೆ ಕೊಂಬು ಸಿಕ್ಕಿಸಿಕೊಳ್ಳುತ್ತದೆ. ಮಳೆ ಬರುವ ಹಾಗಾದರೆ ಹೊರಗಿನ ಮೇವನ್ನೆಲ್ಲ ಒಳಗೆ ಹಾಕಬೇಕು. ಕೈಯಲ್ಲಿ ಏನಿದ್ದರೂ ಬಿಟ್ಟು ಓಡುವುದೇ.

ದಿನದ ಕೆಲಸ ಮೇಕೆ ಹಾಲು ಕರೆಯುವುದರಿಂದ ಶುರು. ಅದು ನನ್ನ ಪಾಲು. ಕೆಚ್ಚಲು ಒರೆಸಿ, ಎರಡೂ ಮೊಲೆಯಿಂದ ಮೊದಲ ಎರಡು ಮೂರು ಧಾರೆಯನ್ನು ಒಂದು ಕಪ್ಪು ಬಟ್ಟಲಿಗೆ ಹಿಂಡುತ್ತೇನೆ. ಬಿಳಿ ಪಾತ್ರೆಯಲ್ಲಿ ಕಣ್ಣಿಗೆ ಬೀಳದ ಸಣ್ಣ ಗರಣೆ ಕಪ್ಪು ಬಣ್ಣದ ಮೇಲೆ ಎದ್ದು ಕಾಣುತ್ತದೆ. ಗರಣೆ ಕಂಡರೆ, ಇಲ್ಲವೇ ಕೆಚ್ಚಲಿನ ಒಂದು ಕಡೆ ಬಿಸಿಯಾಗಿ ಗಟ್ಟಿಯಾಗಿದ್ದರೆ, ಕೆಚ್ಚಲು ಬಾವು ಇರಬಹುದು ಅಂತ ಗುಮಾನಿ. ಆ ಹಾಲನ್ನು ಮನೆಯ ಹಾಲಿಗೆ ಬೆರೆಸುವುದಿಲ್ಲ. ಆ ಮೇಕೆಯನ್ನು ಎಲ್ಲಕ್ಕಿಂತ ಕೊನೆಗೆ ಕರೆದು, ಕೈ ತೊಳೆದು, ಪಶುವೈದ್ಯರಿಗೆ ಫೋನ್ ಮಾಡುತ್ತೇನೆ.

ಅಷ್ಟರಲ್ಲಿ ನನ್ನ ಗಂಡ ರೊಪ್ಪ ಗುಡಿಸಿ, ನೀರು ತುಂಬಿ, ಮೇವು ಹಾಕಿರುತ್ತಾರೆ. ಕುರಿಗೊಂದು, ಮೇಕೆಗೊಂದು ಅಂತ ಬೇರೆ ಬೇರೆ ಬಣ್ಣದ ಎರಡು ಬಕೆಟ್ ಇಟ್ಟಿದ್ದೇವೆ. ಇದು ಚಂದಕ್ಕೆ ಮಾಡಿದ್ದಲ್ಲ. ಮೇಕೆಯ ಖನಿಜ ಮಿಶ್ರಣದಲ್ಲಿ ತಾಮ್ರ ಜಾಸ್ತಿ ಇರುತ್ತದೆ, ಮೇಕೆಗೆ ಅದು ಬೇಕು. ಕುರಿಗೆ ಅದೇ ತಾಮ್ರ ಲಿವರಿನಲ್ಲಿ ಸೇರುತ್ತಾ ಹೋಗಿ ಒಂದು ದಿನ ವಿಷವಾಗುತ್ತದೆ. ಎರಡನ್ನೂ ಒಟ್ಟಿಗೆ ಸಾಕುವವರು ಈ ಒಂದು ವಿಷಯದಲ್ಲಿ ಸೋಮಾರಿತನ ಮಾಡಬಾರದು. ಮೇಯುವ ರೀತಿಯೂ ಬೇರೆ. ಮೇಕೆ ಕತ್ತೆತ್ತಿ ಸೊಪ್ಪು ಹುಡುಕುತ್ತದೆ, ಕುರಿ ತಲೆ ತಗ್ಗಿಸಿ ಹುಲ್ಲು ಮೇಯುತ್ತದೆ. ಜಂತುಹುಳುವಿನ ಮರಿಗಳು ಹುಲ್ಲಿನ ಬುಡದ ಎರಡು ಮೂರು ಅಂಗುಲದಲ್ಲೇ ಹೆಚ್ಚಾಗಿ ಇರುವುದರಿಂದ, ಹುಲ್ಲು ಅಷ್ಟು ಗಿಡ್ಡವಾಗುವ ಮೊದಲೇ ಮಂದೆಯನ್ನು ಬೇರೆ ಕಡೆಗೆ ಹೊಡೆಯುತ್ತೇವೆ.

ಕಣ್ಣು ನೋಡುವ ಕೆಲಸ ಮಗಳದ್ದು. ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡುತ್ತಾಳೆ. ಕೆಂಪಗಿದ್ದರೆ ಚಿಂತೆಯಿಲ್ಲ. ತಿಳಿ ಗುಲಾಬಿಯಾಗಿ ಬಿಳಿಚಿಕೊಂಡಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳು ಇದ್ದೀತು. ಅಂಥವನ್ನು ವೈದ್ಯರಿಗೆ ತೋರಿಸಿ, ಬೇಕಾದವಕ್ಕೆ ಮಾತ್ರ ಔಷಧಿ. ಇಡೀ ಮಂದೆಗೆ ಸುಮ್ನೆ ಕುಡಿಸುತ್ತಾ ಹೋದರೆ ಹುಳುಗಳೇ ಔಷಧಿಗೆ ಒಗ್ಗಿಬಿಡುತ್ತವೆ. ಮಗಳ ಪುಸ್ತಕದಲ್ಲಿ ಪ್ರತಿ ಪ್ರಾಣಿಯ ಹೆಸರಿನ ಮುಂದೆ ಕೆಂಪು ಪೆನ್ಸಿಲಿನ ಗುರುತಿದೆ. ಗಾಢ ಕೆಂಪು, ನಸುಗೆಂಪು, ಬರೀ ಬಿಳಿ. ಬಿಳಿ ಅಂದರೆ ಪೆನ್ಸಿಲ್ ತಾಗಿಸಿಯೇ ಇಲ್ಲ. ಅವಳದೇ ಲೆಕ್ಕ, ನಮಗೂ ಅರ್ಥವಾಗುತ್ತದೆ.

ಕೋಳಿಗಳ ಯಜಮಾನಿಕೆ ಅತ್ತೆಯದು. ಹಗಲು ಚಿಕ್ಕದಾಗುತ್ತಾ ಬಂದಂತೆ ಮೊಟ್ಟೆ ಕಡಿಮೆಯಾಗುತ್ತದೆ. ಚೆನ್ನಾಗಿ ಇಡಬೇಕೆಂದರೆ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ದೀಪ ಹಾಕೋಣವಾ ಅಂದರೆ ಅತ್ತೆ ಒಪ್ಪುವುದಿಲ್ಲ. "ಅದಕ್ಕೂ ಒಂಚೂರು ವಿಶ್ರಾಂತಿ ಬೇಡ್ವೇನಮ್ಮಾ" ಅನ್ನುತ್ತಾರೆ. ಇಟ್ಟುಕೊಳ್ಳುವ ಮೊಟ್ಟೆಯನ್ನು ಅವರು ತೊಳೆಯುವುದೂ ಇಲ್ಲ, ಒಣ ಬಟ್ಟೆಯಲ್ಲಿ ಒರೆಸುತ್ತಾರೆ ಅಷ್ಟೇ. ತೊಳೆದರೆ ಸಿಪ್ಪೆಯ ಮೇಲಿನ ತೆಳು ಪೊರೆ ಹೋಗಿ ಮೊಟ್ಟೆ ಬೇಗ ಕೆಡುತ್ತದೆ. ಸಂಜೆ ಕೋಳಿಗಳನ್ನು ಯಾರೂ ಅಟ್ಟಬೇಕಾಗಿಲ್ಲ, ಕತ್ತಲಾದಂತೆ ಅವೇ ಗೂಡು ಸೇರುತ್ತವೆ. ಎಣಿಸಿ ಬಾಗಿಲು ಹಾಕುವುದನ್ನು ಮಾತ್ರ ಮರೆಯುವಂತಿಲ್ಲ.

ಈಗ ಕೈಕೆಲಸಕ್ಕೆ ಬರೋಣ. ನನ್ನ ಮಟ್ಟಿಗೆ ತಕಲಿಗಿಂತ, ಅಂದರೆ ಕೈಯಲ್ಲಿ ತಿರುಗಿಸಿ ನೂಲುವ ಕಡ್ಡಿಗಿಂತ, ಒಳ್ಳೆಯ ಸಲಕರಣೆ ಇಲ್ಲ. ರಾಟೆಯಲ್ಲಿ ನೂಲು ಬೇಗ ಬರುತ್ತದೆ, ನಿಜ. ಆದರೆ ರಾಟೆ ಇದ್ದಲ್ಲಿ ನಾನು ಹೋಗಬೇಕು, ನಾನಿದ್ದಲ್ಲಿಗೆ ಅದು ಬರುವುದಿಲ್ಲ. ತಕಲಿ ಸೊಂಟದ ಚೀಲದಲ್ಲಿ ಇರುತ್ತದೆ. ಕುರಿ ಮೇಯುವಾಗ, ನೀರಿನ ತೊಟ್ಟಿ ತುಂಬುವಾಗ, ಮರಿ ಹಾಕಲಿರುವ ಮೇಕೆಯ ಮುಂದೆ ಕಾಯುತ್ತಾ ನಿಂತಾಗ, ಒಂದೊಂದು ಗೇಣು ನೂಲು ಬರುತ್ತಲೇ ಇರುತ್ತದೆ. ಯಾರಾದರೂ ಕೂಗಿದರೆ ನೂತದ್ದನ್ನು ಕಡ್ಡಿಗೆ ಸುತ್ತಿ, ತುದಿಗೆ ಒಂದು ಕುಣಿಕೆ ಹಾಕಿ, ಚೀಲಕ್ಕೆ ತುರುಕಿ ಓಡಬಹುದು. ಬಂದು ನೋಡಿದರೆ ಹುರಿ ಹಾಗೇ ಇರುತ್ತದೆ.

ಉಣ್ಣೆ ತೊಳೆಯುವುದು ಇದಕ್ಕೆ ಪೂರಾ ಉಲ್ಟಾ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕೆಟ್ಟರೆ ಮುಂದೆ ಯಾವ ಕೈಚಳಕವೂ ನಡೆಯುವುದಿಲ್ಲ.

ಕತ್ತರಿಸುವ ದಿನ ಕುರಿಯ ಮೈ ಒಣಗಿರಬೇಕು. ಒದ್ದೆ ಉಣ್ಣೆಯನ್ನು ಸುತ್ತಿಟ್ಟರೆ ಒಳಗೇ ಬಿಸಿಯಾಗಿ ಮುಗ್ಗಲು ಹಿಡಿಯುತ್ತದೆ. ಕತ್ತರಿಸಿದ ಉಣ್ಣೆಯನ್ನು ಒಂದು ಜಾಲರಿಯ ಮೇಲೆ ಹರಡಿ ಅಂಚನ್ನೆಲ್ಲ ಕೀಳುತ್ತೇವೆ. ಬಾಲದ ಕಡೆಯದ್ದು ಹಿಕ್ಕೆ ಮೆತ್ತಿಕೊಂಡು ಗಂಟುಗಂಟಾಗಿರುತ್ತದೆ. ಹೊಟ್ಟೆಯ ಕೆಳಗಿನದು ಮೋಟು ಮೋಟು. ಎರಡೂ ಗಿಡದ ಬುಡಕ್ಕೆ. ಅಲ್ಲಿ ಅದು ನಿಧಾನಕ್ಕೆ ಕೊಳೆಯುತ್ತಾ ತೇವ ಹಿಡಿದಿಟ್ಟುಕೊಳ್ಳುತ್ತದೆ. ಉಳಿದದ್ದನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಹಾಕುತ್ತೇವೆ. ಬೆಳಿಗ್ಗೆ ನೀರು ಕಂದಾಗಿರುತ್ತದೆ, ವಾಸನೆಯಂತೂ ಹೇಳುವ ಹಾಗಿಲ್ಲ. ಅದರಲ್ಲಿ ಕುರಿಯ ಬೆವರಿನ ಉಪ್ಪಿದೆ, ಪೊಟ್ಯಾಶಿಯಂ ಜಾಸ್ತಿ. ನೀರು ಬೆರೆಸಿ ತೆಳ್ಳಗೆ ಮಾಡಿ ಗಿಡಗಳಿಗೆ ಹಾಕುತ್ತೇವೆ.

ಆಮೇಲೆ ಬಿಸಿನೀರು. ಉಣ್ಣೆಯ ಜಿಡ್ಡು ಕರಗುವುದು ಸುಮಾರು 40 ಡಿಗ್ರಿಯ ಹತ್ತಿರ. ಆದರೂ ನೀರು 60 ಡಿಗ್ರಿಯಷ್ಟು ಇರಬೇಕು, ಯಾಕೆಂದರೆ ಅದು ಆರುತ್ತಾ ಬರುತ್ತದೆ. ತೀರಾ ಆರಿದರೆ ಬಿಟ್ಟ ಜಿಡ್ಡು ಮತ್ತೆ ಉಣ್ಣೆಗೇ ಅಂಟಿಕೊಳ್ಳುತ್ತದೆ. ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಮೊದಲೇ ಬೆರೆಸಿ, ದಪ್ಪ ಗ್ಲೌಸ್ ಹಾಕಿ, ಉಣ್ಣೆಯನ್ನು ಮೆಲ್ಲಗೆ ಒತ್ತಿ ಮುಳುಗಿಸಿ ಸುಮ್ಮನೆ ಬಿಡಬೇಕು. ಕಲಕುವುದಿಲ್ಲ, ಉಜ್ಜುವುದಿಲ್ಲ, ಮೇಲಿಂದ ನಲ್ಲಿ ಬಿಡುವುದಿಲ್ಲ. ಉಣ್ಣೆಯ ಎಳೆಗೆ ಮೈಮೇಲೆ ಸಣ್ಣ ಹೊಪ್ಪಳೆಗಳಿರುತ್ತವೆ. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲಾರದ ಮುದ್ದೆಯಾಗುತ್ತದೆ. ತೊಳೆದ ಉಣ್ಣೆಯನ್ನು ಹಿಂಡದೆ ಎತ್ತಿ, ಅಷ್ಟೇ ಬಿಸಿಯ ಬೇರೆ ನೀರಿಗೆ ಹಾಕಬೇಕು. ಒಣಗಿದ ಮೇಲೆ ತೂಗಿದರೆ ಮೂರರಲ್ಲೊಂದು ಪಾಲು, ಕೆಲವು ಸಲ ಅರ್ಧಕ್ಕರ್ಧ ತೂಕ ಹೋಗಿರುತ್ತದೆ. ಹೋದದ್ದು ಜಿಡ್ಡು, ಬೆವರು, ಮಣ್ಣು.

ಇದರ ನಡುವೆ ಎದ್ದು ಹೋಗುವ ಹಾಗಿಲ್ಲ. ಹಾಗಾಗಿ ಉಣ್ಣೆ ತೊಳೆಯುವ ದಿನ ರೊಪ್ಪದ ಕೆಲಸವೆಲ್ಲ ಗಂಡನದು, ನನ್ನನ್ನು ಯಾರೂ ಕರೆಯುವಂತಿಲ್ಲ. ಮಕ್ಕಳಿಗೆ ಬಿಸಿನೀರಿನ ಹತ್ತಿರ ಪ್ರವೇಶವಿಲ್ಲ. ಅವರ ಪಾಲಿಗೆ ಒಂದಿಷ್ಟು ಕಳಪೆ ಉಣ್ಣೆ ತೆಗೆದಿಟ್ಟಿರುತ್ತೇನೆ. ಅದರಲ್ಲಿ ಫೆಲ್ಟ್ ಮಾಡುತ್ತಾರೆ, ಅಂದರೆ ನಾನು ಬೇಡ ಅಂದದ್ದನ್ನೆಲ್ಲ ಬೇಕಂತಲೇ ಮಾಡುವುದು. ಉಗುರುಬೆಚ್ಚಗಿನ ಸೋಪುನೀರು ಚಿಮುಕಿಸಿ, ಚಾಪೆಯಲ್ಲಿ ಸುತ್ತಿ, ಕಾಲಲ್ಲಿ ಉರುಳಿಸಿ ತುಳಿಯುವುದು. ಚಪ್ಪಲಿಯೊಳಗೆ ಹಾಕುವ ಪದರ, ಕುರ್ಚಿಯ ಮೇಲಿನ ಆಸನ, ಬಿಸಿ ಪಾತ್ರೆ ಇಳಿಸುವ ತುಂಡು, ಎಲ್ಲಾ ಹೀಗೇ ಆದದ್ದು. ಫೆಲ್ಟ್ ಒಂದು ಸಲ ಹಿಡಿದುಕೊಂಡರೆ ಸಾಕು, ಅರ್ಧಕ್ಕೆ ಬಿಟ್ಟು ನಾಳೆ ಒದ್ದೆ ಮಾಡಿ ಮುಂದುವರಿಸಬಹುದು.

ಹಿಂಜುವುದು ಸಂಜೆಯ ಕೆಲಸ. ಅತ್ತೆ ಬರಿಗೈಯಲ್ಲೇ ಗಂಟು ಬಿಡಿಸುತ್ತಾ ಮಾತಾಡುತ್ತಾರೆ, ನಾನು ಹಲ್ಲಿರುವ ಬ್ರಷ್‌ಗಳಲ್ಲಿ ಎಳೆದು ಹಂಜಿ, ಅಂದರೆ ನೂಲಲು ಸಿದ್ಧವಾದ ಉಣ್ಣೆಯ ಸುರುಳಿ, ಮಾಡುತ್ತೇನೆ. ಈ ಕೆಲಸಕ್ಕೆ ತುದಿಯೂ ಇಲ್ಲ, ಬುಡವೂ ಇಲ್ಲ. ಮಾತು ಮುಗಿದಾಗ ಕೆಲಸವೂ ಮುಗಿಯುತ್ತದೆ.

ಒಂಟಿ ಎಳೆಯ ನೂಲನ್ನು ಸ್ವಲ್ಪ ಸಡಿಲ ಬಿಟ್ಟು ನೋಡಿ, ತನ್ನ ಮೇಲೆ ತಾನೇ ಸುತ್ತಿಕೊಳ್ಳುತ್ತದೆ. ನೂಲುವಾಗ ತಕಲಿ ಬಲಕ್ಕೆ ತಿರುಗಿದ್ದರೆ, ಎರಡು ಎಳೆ ಸೇರಿಸುವಾಗ ಎಡಕ್ಕೆ ತಿರುಗಿಸಬೇಕು. ಆಗ ಒಂದರ ಹುರಿ ಇನ್ನೊಂದನ್ನು ಹಿಡಿದು ನೂಲು ಶಾಂತವಾಗುತ್ತದೆ. ಮಗನಿಗೆ ಇದು ಹಗ್ಗದಿಂದ ಅರ್ಥವಾಯಿತು. ಎರಡು ಎಳೆಯನ್ನೂ ಬಲಕ್ಕೆ ಹೊಸೆದು, ಒಂದರ ಮೇಲೊಂದನ್ನು ಎಡಕ್ಕೆ ದಾಟಿಸುತ್ತಾನೆ, ಕೈ ಬಿಟ್ಟರೂ ಬಿಚ್ಚುವುದಿಲ್ಲ. ಅವನ ಕಚ್ಚಾ ಮಾಲು ಮೇವಿನ ಕಟ್ಟಿನ ದಾರ. ಕಟ್ಟು ಬಿಚ್ಚಿದ ತಕ್ಷಣ ದಾರ ಎತ್ತಿ ಗೂಟಕ್ಕೆ ನೇತುಹಾಕುವುದು ಅವನ ಕೆಲಸ. ಹಗ್ಗ ಆಗದಿದ್ದರೂ ಪರವಾಗಿಲ್ಲ, ದಾರ ನೆಲದಲ್ಲಿ ಇರಬಾರದು. ಮೇವಿನ ಜೊತೆ ಹೊಟ್ಟೆಗೆ ಹೋದರೆ ಅದು ಕರಗುವುದಿಲ್ಲ, ಸುರುಳಿಯಾಗಿ ಕೂತು ಪ್ರಾಣಿಯ ಜೀವಕ್ಕೇ ಕುತ್ತು ತರುತ್ತದೆ.

ಬಣ್ಣದ ಕೆಲಸ ನನಗೆ ಇಷ್ಟ, ಯಾಕೆಂದರೆ ಅಲ್ಲಿ ಬಿಟ್ಟು ಹೋದಷ್ಟೂ ಲಾಭ. 100 ಗ್ರಾಂ ಉಣ್ಣೆಗೆ 10ರಿಂದ 15 ಗ್ರಾಂ ಪಟಿಕ ಕರಗಿಸಿ, ಒದ್ದೆ ನೂಲನ್ನು ಹಾಕಿ, ಕುದಿ ಬರದ ಹಾಗೆ ಒಂದು ಗಂಟೆ ಸಣ್ಣ ಉರಿಯಲ್ಲಿಟ್ಟು, ಅದೇ ನೀರಲ್ಲಿ ಆರಲು ಬಿಡುತ್ತೇನೆ. ಇನ್ನೊಂದು ಪಾತ್ರೆಯಲ್ಲಿ ಈರುಳ್ಳಿ ಸಿಪ್ಪೆಯ ಕಷಾಯ. ಸೋಸಿ, ನೂಲು ಮುಳುಗಿಸಿ, ಮತ್ತೆ ಸಣ್ಣ ಉರಿ. ಒಲೆ ಆರಿಸಿ ಬೆಳಗಿನ ತನಕ ಬಿಟ್ಟರೆ ಚಿನ್ನದ ಬಣ್ಣ ಇನ್ನೂ ಆಳಕ್ಕೆ ಇಳಿಯುತ್ತದೆ. ಒಂದು ತುಕ್ಕು ಹಿಡಿದ ಮೊಳೆ ಹಾಕಿದರೂ ಬಣ್ಣ ಮಂಕಾಗುತ್ತದೆ. ಮಂಕು ಬಣ್ಣವೇ ಬೇಕಿದ್ದರೆ ಅದೂ ಒಂದು ದಾರಿ. ಅರಿಸಿನ ಮಕ್ಕಳಿಗೆ ಇಷ್ಟ, ಆದರೆ ಬಿಸಿಲಿಗೆ ನಿಲ್ಲುವುದಿಲ್ಲ. ಬಣ್ಣದ ಪಾತ್ರೆ ಅಡುಗೆಮನೆಗೆ ವಾಪಸ್ ಬರುವುದಿಲ್ಲ.

ಸೋಪು ಮಾತ್ರ ಮಕ್ಕಳಿಲ್ಲದ ಹೊತ್ತಿನ ಕೆಲಸ. ಮೇಕೆ ಹಾಲನ್ನು ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿ, ಅದರ ಮೇಲೆ ಕಾಸ್ಟಿಕ್ ಸೋಡಾವನ್ನು ಚೂರು ಚೂರೇ ಹಾಕಬೇಕು. ಹಾಲು ತಣ್ಣಗಿರದಿದ್ದರೆ ಸುಟ್ಟು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕಣ್ಣು ಕಾಯುವ ಕನ್ನಡಕ, ಗ್ಲೌಸ್, ತೆರೆದ ಕಿಟಕಿ ಮೂರೂ ಬೇಕು. ಒಂದೊಂದು ಎಣ್ಣೆಗೂ ಸೋಡಾದ ಲೆಕ್ಕ ಬೇರೆ ಬೇರೆ, ಆದ್ದರಿಂದ ತಕ್ಕಡಿ ಇಲ್ಲದೆ ಕೈ ಹಾಕಬಾರದು. ಎಣ್ಣೆಗೆ ಬೆರೆಸಿದ ಮೇಲೆ ಗಂಜಿಯ ಹದಕ್ಕೆ ಬಂದು ಅಚ್ಚಿಗೆ ಸುರಿಯುವ ತನಕ ಕದಲುವ ಹಾಗಿಲ್ಲ. ಆಮೇಲೆ ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಒಣಗಬೇಕು.

ಇಷ್ಟೆಲ್ಲ ಕೆಲಸಕ್ಕೆ ದಿನ ಗೊತ್ತುಮಾಡುವುದು ಗೋಡೆಯ ಕ್ಯಾಲೆಂಡರು. ಮೇಕೆ ಗಬ್ಬ ಕಟ್ಟಿದ ದಿನದಿಂದ ಸುಮಾರು 150 ದಿನಕ್ಕೆ ಮರಿ ಹಾಕುತ್ತದೆ. ಆ ದಿನಕ್ಕೆ ಗುರುತು ಹಾಕಿ, ಹಿಂದೆ ಮುಂದೆ ಐದೈದು ದಿನ ಗೆರೆ ಎಳೆಯುತ್ತೇವೆ. ಗೆರೆಯೊಳಗೆ ಸೋಪೂ ಇಲ್ಲ, ಉಣ್ಣೆ ತೊಳೆಯುವುದೂ ಇಲ್ಲ, ತಕಲಿ ಒಂದೇ. ಬಾಲದ ಬುಡದ ಎರಡೂ ಕಡೆಯ ಹಗ್ಗದಂಥ ಅಸ್ಥಿರಜ್ಜು ಸಡಿಲವಾಗಿ ಬೆರಳಿಗೆ ಸಿಗದೆ ಹೋದರೆ, ಕೆಚ್ಚಲು ಬಿಗಿದು ಹೊಳೆಯತೊಡಗಿದರೆ, ಮೇಕೆ ಒಂಟಿಯಾಗಿ ಮೂಲೆ ಹಿಡಿದು ನೆಲ ಕೆರೆದರೆ, ಆ ರಾತ್ರಿ ಯಾರಾದರೊಬ್ಬರು ರೊಪ್ಪದಲ್ಲೇ ಮಲಗುತ್ತೇವೆ. ಮರಿ ಬಿದ್ದ ಕೂಡಲೇ ಮೂಗು ಬಾಯಿ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಆದಷ್ಟು ಬೇಗ ಗಿಣ್ಣುಹಾಲು ಕುಡಿಸಬೇಕು. ರೋಗ ತಡೆಯುವ ಶಕ್ತಿ ಮರಿಗೆ ಸಿಗುವುದು ಅದರಿಂದಲೇ. ಹೊತ್ತು ಹೋದಂತೆ ಅದನ್ನು ಹೀರಿಕೊಳ್ಳುವುದು ಮರಿಯ ಕರುಳಿಗೆ ಆಗುವುದಿಲ್ಲ.

ಇದರಲ್ಲಿ ಏನು ಗಿಟ್ಟುತ್ತದೆ ಅಂತ ಕೇಳುವವರಿದ್ದಾರೆ. ಹಾಲು, ಮೊಟ್ಟೆ ಮೇವಿನ ಖರ್ಚು ನೋಡಿಕೊಳ್ಳುತ್ತವೆ. ನೂಲಿಗೆ ಹಾಕಿದ ಗಂಟೆಗಳನ್ನು ಕೂಲಿಯ ಲೆಕ್ಕಕ್ಕೆ ತಂದರೆ ಯಾರೂ ಕೊಳ್ಳುವ ಬೆಲೆ ಆಗುವುದಿಲ್ಲ. ಹಾಗಾಗಿ ನೂಲು ಮಾರುವುದಿಲ್ಲ, ಹೆಣೆದು ನಾವೇ ತೊಡುತ್ತೇವೆ.

ಈಗ ಮಗಳಿಗೆ ಮಗ್ಗ ಬೇಕಂತೆ. ನನಗೂ ಆಸೆಯೇ. ನೇಯುವುದನ್ನು ಯಾವ ಗೆರೆಯಲ್ಲಾದರೂ ನಿಲ್ಲಿಸಿ ಏಳಬಹುದು, ಅದು ನಮಗೆ ಹೊಂದುತ್ತದೆ. ಹಾಸು ಹೂಡುವುದೇ, ಅಂದರೆ ಮಗ್ಗಕ್ಕೆ ಉದ್ದದ ಎಳೆಗಳನ್ನು ಕಟ್ಟುವುದೇ ಕಷ್ಟ, ಎಳೆ ಎಣಿಸುತ್ತಿರುವಾಗ ಯಾರಾದರೂ ಕೂಗಿದರೆ ಮತ್ತೆ ಮೊದಲಿಂದ. ಅದಕ್ಕೆ ಕ್ಯಾಲೆಂಡರಿನಲ್ಲಿ ಗೆರೆಯಿಲ್ಲದ ಒಂದು ವಾರ ನೋಡಿಟ್ಟಿದ್ದೇವೆ. ಜಾಗವನ್ನೂ ಅಳೆದಾಗಿದೆ, ಕಿಟಕಿಯಿಂದ ರೊಪ್ಪ ಕಾಣುವ ಕೋಣೆ. ಬೆಕ್ಕು ಒಳಗೆ ಬರದ ಹಾಗೆ ಬಾಗಿಲಿಗೆ ಚಿಲಕ ಒಂದು ಕೂರಿಸಬೇಕು, ಅದು ಗಂಡನ ಪಾಲಿನ ಕೆಲಸ.