ಅಲೆಯಿಂದ ತೆಗೆದ ಕರೆಂಟು ಯೂನಿಟ್ಟಿಗೆ ಎಷ್ಟು ಬೀಳುತ್ತದೆ? ಲೆಕ್ಕ ಹಾಕುವ ಕ್ರಮ

ಅಲೆ ವಿದ್ಯುತ್ ಯೋಜನೆಯೊಂದು ಮುಂದೆ ಬಂದಾಗ ಯೂನಿಟ್ ಬೆಲೆಯನ್ನು ಯೋಜನೆಯವರು ಬರೆದಂತೆ ಒಪ್ಪಿಕೊಳ್ಳಬೇಡಿ, ನೀವೇ ಹಾಕಿ ನೋಡಿ. ಬೇಕಾಗುವುದು ಮೂರು: ಆ ಜಾಗದ ಹತ್ತು ವರ್ಷಗಳ ಅಲೆ ದಾಖಲೆ, ಯಾವ ಅಲೆಗೆ ಯಂತ್ರ ಎಷ್ಟು ಕಿಲೊವ್ಯಾಟ್ ಕೊಡುತ್ತದೆ ಎಂಬ ಕೋಷ್ಟಕ, ಒಂದು ಸ್ಪ್ರೆಡ್‌ಶೀಟ್. ಅರ್ಧ ದಿನದ ಕೆಲಸ. ಒಂದು ಮಾತು ಮಾತ್ರ ಲೆಕ್ಕದ ಉದ್ದಕ್ಕೂ ನೆನಪಿರಲಿ: ಈ ಯಂತ್ರ ದುಡಿಯುವುದು ಸಾಧಾರಣ ದಿನಗಳಲ್ಲಿ, ಅದರ ಬೆಲೆ ನಿರ್ಧಾರವಾಗುವುದು ಬಿರುಗಾಳಿಯ ದಿನ.

ಮೊದಲು ಅಲೆ

ಆಳ ನೀರಿನಲ್ಲಿ ಒಂದು ಮೀಟರ್ ಅಗಲದ ಅಲೆ ಹೊತ್ತು ತರುವ ಶಕ್ತಿ ಸುಮಾರು 0.49 × ಎತ್ತರ × ಎತ್ತರ × ಅವಧಿ. ಉತ್ತರ ಕಿಲೊವ್ಯಾಟ್‌ನಲ್ಲಿ ಬರುತ್ತದೆ. ಇಲ್ಲಿ ಎತ್ತರ ಎಂದರೆ ಸಿಗ್ನಿಫಿಕೆಂಟ್ ಎತ್ತರ, ಅಂದರೆ ಎಲ್ಲಕ್ಕಿಂತ ದೊಡ್ಡ ಮೂರನೇ ಒಂದು ಪಾಲು ಅಲೆಗಳ ಸರಾಸರಿ, ಮೀಟರಿನಲ್ಲಿ. ಅವಧಿ ಎಂದರೆ ಒಂದು ಅಲೆಯ ತುದಿ ದಾಟಿ ಮುಂದಿನದರ ತುದಿ ಬರುವ ತನಕದ ಕಾಲ; ಇಲ್ಲಿ ಬೇಕಾದದ್ದು ಅಲೆಗಳ ಶಕ್ತಿಗೆ ತಕ್ಕಂತೆ ತೆಗೆದ ಅದರ ಸರಾಸರಿ, ಅಂದರೆ ಎನರ್ಜಿ ಪಿರಿಯಡ್, ಸೆಕೆಂಡಿನಲ್ಲಿ. ದಾಖಲೆಯಲ್ಲಿ ಪೀಕ್ ಪಿರಿಯಡ್ (ಎಲ್ಲಕ್ಕಿಂತ ಹೆಚ್ಚು ಶಕ್ತಿ ಹೊತ್ತ ಅಲೆಗಳ ಅವಧಿ) ಮಾತ್ರ ಇದ್ದರೆ ಅದನ್ನು ಸುಮಾರು 0.9ರಿಂದ ಗುಣಿಸಿಕೊಳ್ಳಿ. ಮರೆತರೆ ಮೊದಲ ಸಾಲಿನಲ್ಲೇ ಶೇ 10ರಷ್ಟು ಇಲ್ಲದ ಶಕ್ತಿ ಸೇರಿಕೊಳ್ಳುತ್ತದೆ.

2 ಮೀಟರ್ ಎತ್ತರ, 8 ಸೆಕೆಂಡ್ ಅವಧಿಯ ಕಡಲು ಮೀಟರಿಗೆ 16 ಕಿಲೊವ್ಯಾಟ್ ತರುತ್ತದೆ. 12 ಮೀಟರ್, 13 ಸೆಕೆಂಡಿನ ಬಿರುಗಾಳಿ ಕಡಲು 900 ದಾಟುತ್ತದೆ. ಮೊದಲನೆಯದರಿಂದ ಆದಾಯ. ಎರಡನೆಯದರಿಂದ ಒಂದು ಯೂನಿಟ್ ಕೂಡ ಸಿಗದು, ಯಂತ್ರ ಆಗ ತಲೆ ತಗ್ಗಿಸಿ ಜೀವ ಉಳಿಸಿಕೊಳ್ಳುತ್ತಿರುತ್ತದೆ. ಆದರೆ ಉಕ್ಕು, ಲಂಗರು, ಸರಪಳಿ ಎಲ್ಲವನ್ನೂ ಅದಕ್ಕೆ ತಡೆಯುವಂತೆಯೇ ಕೊಳ್ಳಬೇಕು.

ಸರಾಸರಿ ಎತ್ತರವನ್ನು ಸೂತ್ರಕ್ಕೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಅರ್ಧ ಕಾಲ 1 ಮೀಟರ್, ಅರ್ಧ ಕಾಲ 3 ಮೀಟರ್ ಇರುವ ಕಡಲಿನ ಸರಾಸರಿ ಎತ್ತರ 2, ಅದರ ವರ್ಗ 4. ನಿಜವಾದ ವರ್ಗಗಳ ಸರಾಸರಿ 5. ಹಾಗೆಂದು ಹೆಚ್ಚಿನ ಆ ಕಾಲು ಭಾಗ ಕೈಗೆ ಬಂತು ಎಂದುಕೊಳ್ಳುವಂತಿಲ್ಲ. ಜನರೇಟರ್ ತನ್ನ ಗರಿಷ್ಠ ಮಿತಿ ಮುಟ್ಟಿದ ಮೇಲೆ ಉಳಿದ ಶಕ್ತಿಯನ್ನು ಚೆಲ್ಲಿಬಿಡುತ್ತದೆ.

ಕೋಷ್ಟಕಕ್ಕೆ ಕೋಷ್ಟಕ

ಆದ್ದರಿಂದ ವರ್ಷದ 8,760 ಗಂಟೆಗಳನ್ನು ಕೋಷ್ಟಕದ ಮನೆಗಳಿಗೆ ಹಂಚಿ: ಎತ್ತರ ಅರ್ಧ ಮೀಟರಿಗೊಂದು ಸಾಲು, ಅವಧಿ ಸೆಕೆಂಡಿಗೊಂದು ಕಂಬ. ಪ್ರತಿ ಮನೆಯ ಗಂಟೆಗಳನ್ನು ಅದೇ ಮನೆಯ ಕಿಲೊವ್ಯಾಟ್‌ನಿಂದ ಗುಣಿಸಿ ಕೂಡಿಸಿ. ಉದಾಹರಣೆಗೆ 2–2.5 ಮೀಟರ್, 8–9 ಸೆಕೆಂಡಿನ ಮನೆಯಲ್ಲಿ 320 ಗಂಟೆ ಇದ್ದು, 20 ಮೀಟರ್ ಅಗಲದ ಯಂತ್ರ ಅಲ್ಲಿ 110 ಕಿಲೊವ್ಯಾಟ್ ಕೊಡುವುದಾದರೆ ಆ ಮನೆಯ ಪಾಲು 35,200 ಯೂನಿಟ್. ಕೂಡಲೇ ಒಮ್ಮೆ ತಾಳೆ ನೋಡಿ. ಆ ಕಡಲು ಮೀಟರಿಗೆ 21 ಕಿಲೊವ್ಯಾಟ್ ತರುತ್ತದೆ, 20 ಮೀಟರಿಗೆ 420. ಯಂತ್ರ ಹಿಡಿದದ್ದು ಸುಮಾರು ಶೇ 26. ನಂಬಬಹುದಾದ ಅಂಕಿ. ಮನೆಮನೆಯಲ್ಲೂ ಶೇ 60–70 ಕಾಣಿಸಿದರೆ ಆ ಕೋಷ್ಟಕ ತೊಟ್ಟಿಯಲ್ಲಿ ಮಾದರಿ ತೇಲಿಸಿ ಬರೆದದ್ದೋ, ಕಡಲಲ್ಲಿ ಅಳೆದದ್ದೋ ಕೇಳಿ. ಅಂಕಿ ಜನರೇಟರ್ ತುದಿಯದೋ, ಕೇಬಲ್ ದಡ ಮುಟ್ಟುವಲ್ಲಿನದೋ ಎಂದೂ ಕೇಳಿ.

ಬಂದ ಮೊತ್ತದಿಂದ ಎರಡು ಕಡಿತ: ಯಂತ್ರ ಕೆಟ್ಟು ನಿಂತ ಕಾಲ, ಕೇಬಲ್ಲಿನಲ್ಲಿ ಸೋರುವ ಪಾಲು. 500 ಕಿಲೊವ್ಯಾಟ್ ಯಂತ್ರ ತನ್ನ ಸಾಮರ್ಥ್ಯದ ಶೇ 25ರಷ್ಟು ದುಡಿದರೆ ವರ್ಷಕ್ಕೆ 10.95 ಲಕ್ಷ ಯೂನಿಟ್. ಶೇ 85 ಕಾಲ ಸುಸ್ಥಿತಿಯಲ್ಲಿದ್ದು, ಕೇಬಲ್ಲಿನಲ್ಲಿ ಶೇ 5 ಹೋದರೆ ಮಾರಲು ಸಿಗುವುದು 8.84 ಲಕ್ಷ.

ಖರ್ಚಿನ ಕಡೆ

ಯಂತ್ರದ ಒಡಲು ಖರ್ಚಿನ ಒಂದು ಭಾಗ ಮಾತ್ರ. ಲಂಗರು ಮತ್ತು ಸರಪಳಿ, ಯಂತ್ರದೊಂದಿಗೆ ಓಲಾಡುವ ಕೇಬಲ್ ತುಂಡು, ತಳದಲ್ಲಿ ಹೂಳುವ ಕೇಬಲ್, ನೀರೊಳಗೆ ಬಿಚ್ಚಿ ಜೋಡಿಸುವ ಕನೆಕ್ಟರ್, ದಡದ ಸಬ್‌ಸ್ಟೇಷನ್, ಟಗ್ ಬಾಡಿಗೆ, ವಿಮೆ, ಕೊನೆಗೆ ಎಲ್ಲವನ್ನೂ ಕಿತ್ತು ತರುವ ಖರ್ಚು, ಒಂದೊಂದಕ್ಕೂ ಬೇರೆ ಸಾಲು ಇರಲಿ. ಕರೆಂಟನ್ನು ಗ್ರಿಡ್ಡಿಗೆ ಹೊಂದಿಸುವ ಪವರ್ ಎಲೆಕ್ಟ್ರಾನಿಕ್ಸ್ ಸಾಲನ್ನು ಎರಡು ಸಲ ನೋಡಿ. ಒಂದು ಅಲೆಗೆ ಯಂತ್ರದ ಶಕ್ತಿ ಎರಡು ಸಲ ಏರಿಳಿಯುತ್ತದೆ. ನಡುವೆ ಹೈಡ್ರಾಲಿಕ್ ಅಕ್ಯುಮ್ಯುಲೇಟರಿನಂಥ (ಒತ್ತಡದಲ್ಲಿ ದ್ರವ ತುಂಬಿಡುವ ತೊಟ್ಟಿ) ಸಂಗ್ರಹ ಇಲ್ಲದಿದ್ದರೆ ಜನರೇಟರ್, ಇನ್ವರ್ಟರ್ ಎರಡನ್ನೂ ಸರಾಸರಿಗಲ್ಲ, ಶಿಖರಕ್ಕೆ ತಕ್ಕಂತೆ ಕೊಳ್ಳಬೇಕಾಗುತ್ತದೆ.

ಬಂಡವಾಳವನ್ನು ವರ್ಷದ ಕಂತಾಗಿಸಲು ಬಡ್ಡಿ ದರ, ಆಯುಷ್ಯ ಎರಡೂ ಬೇಕು. 20 ವರ್ಷಕ್ಕೆ ಶೇ 5ರಲ್ಲಿ ಗುಣಕ 0.080, ಶೇ 10ರಲ್ಲಿ 0.1175, ಶೇ 12ರಲ್ಲಿ 0.134. ಕಡಲಲ್ಲಿ ಬಹುಕಾಲ ಓಡಿ ತೋರಿಸದ ಯಂತ್ರಕ್ಕೆ ಶೇ 5ರಲ್ಲಿ ಸಾಲ ಕೊಡುವವರು ಸಿಗುವುದಿಲ್ಲ, 10 ಹಾಕಿ. ನಿರ್ವಹಣೆಗೆ ಬಂಡವಾಳದ ಶೇ 6 ಸೇರಿಸಿದರೆ ವಾರ್ಷಿಕ ಹೊರೆ 0.1775. ಒಂದು ಕಿಲೊವ್ಯಾಟ್ ಸಾಮರ್ಥ್ಯದಿಂದ ವರ್ಷಕ್ಕೆ ಮಾರುವುದು 1,768 ಯೂನಿಟ್. ಭಾಗಿಸಿದರೆ ಕೈಬೆರಳಲ್ಲಿ ಎಣಿಸುವಷ್ಟು ಸುಲಭದ ಉತ್ತರ: ಯೂನಿಟ್ ಬೆಲೆ ಎಂದರೆ ಕಿಲೊವ್ಯಾಟ್ ಒಂದರ ಬಂಡವಾಳದ ಹತ್ತು ಸಾವಿರದ ಒಂದು ಪಾಲು.

ಈಗ ಇದೇ ಯಂತ್ರಕ್ಕೆ ಜಾಹೀರಾತಿನ ಅಂಕಿಗಳನ್ನು ಹಾಕಿ: ದುಡಿಮೆ ಶೇ 35, ಸುಸ್ಥಿತಿ ಶೇ 95, ಬಡ್ಡಿ ಶೇ 5, ನಿರ್ವಹಣೆ ಶೇ 3. ಬೆಲೆ 25 ಸಾವಿರದ ಒಂದು ಪಾಲಿಗೆ ಇಳಿಯುತ್ತದೆ. ಒಂದು ಬೋಲ್ಟೂ ಅಗ್ಗವಾಗಿಲ್ಲ, ಯೂನಿಟ್ಟಿನ ಬೆಲೆ ಮಾತ್ರ ಅರ್ಧಕ್ಕಿಂತ ಕೆಳಗೆ ಬಂತು. ಜಗಳ ಆಡಬೇಕಾದದ್ದು ಈ ನಾಲ್ಕು ಅಂಕಿಗಳ ಬಗ್ಗೆ.

ಲೆಕ್ಕ ಕೆಡುವ ಜಾಗ

ನಾಲ್ಕರಲ್ಲೂ ಕಳ್ಳ ಅಂಕಿ ಎಂದರೆ ಸುಸ್ಥಿತಿಯದು. ರಿಪೇರಿ ದೋಣಿ ಯಂತ್ರದ ಪಕ್ಕ ನಿಲ್ಲಬೇಕಾದರೆ ಅಲೆ ಸುಮಾರು 1.5 ಮೀಟರಿಗಿಂತ ಕೆಳಗೆ ಒಂದೆರಡು ದಿನ ಬಿಡದೆ ಇರಬೇಕು. ದೊಡ್ಡ ಅಲೆಗಳ ಕಾಲದಲ್ಲಿ ಅಂಥ ಬಿಡುವು ವಾರಗಟ್ಟಲೆ ಸಿಗದು. ಹೆಚ್ಚು ಸಂಪಾದನೆಯ ಕಾಲವೂ ಅದೇ. ಹೈಡ್ರಾಲಿಕ್ ಸಿಲಿಂಡರಿನ ಒಂದು ಸೀಲ್ ಆಗ ಸೋರಿತು, ಬಿಡುವಿಗಾಗಿ 6 ವಾರ ಕಾದಿರಿ ಎನ್ನೋಣ. 1,008 ಗಂಟೆ, ಆ ಕಾಲದ ಸರಾಸರಿ 200 ಕಿಲೊವ್ಯಾಟ್ ಎಂದರೂ ಹೋದದ್ದು 2 ಲಕ್ಷ ಯೂನಿಟ್. ಇಡೀ ವರ್ಷಕ್ಕೆಂದು ಇಟ್ಟ ಶೇ 15ರ ಕಡಿತ ಎಂದರೆ 1.64 ಲಕ್ಷ. ಒಂದು ಸೀಲ್ ಅದನ್ನು ಪೂರ್ತಿ ನುಂಗಿ ಇನ್ನೂ ಕೇಳಿತು. ಹಾಗಾಗಿ ಸುಸ್ಥಿತಿಯನ್ನು ಊಹೆಯಿಂದ ತುಂಬಬೇಡಿ. ಅದೇ ಅಲೆ ದಾಖಲೆಯಲ್ಲಿ 1.5 ಮೀಟರಿಗಿಂತ ಕೆಳಗಿನ 48 ಗಂಟೆಗಳ ಬಿಡುವು ತಿಂಗಳಿಗೆ ಎಷ್ಟು ಎಂದು ಎಣಿಸಿ, ಒಂದರಿಂದ ಇನ್ನೊಂದಕ್ಕೆ ಕಾಯುವ ದಿನಗಳನ್ನು ಪ್ರತಿ ಕೆಡುವಿಕೆಗೂ ಸೇರಿಸಿ.

ಪೋರ್ಚುಗಲ್ಲಿನ ಅಗುಸಾಡೌರದಲ್ಲಿ 2008ರ ಸೆಪ್ಟೆಂಬರಿನಲ್ಲಿ ತಲಾ 750 ಕಿಲೊವ್ಯಾಟ್‌ನ ಮೂರು ಪೆಲಾಮಿಸ್ ಎಂಬ, ಹಾವಿನಂತೆ ತೇಲುವ ಅಲೆ ಯಂತ್ರಗಳನ್ನು ಉದ್ಘಾಟಿಸಿದರು. ಬೇರಿಂಗ್ ತೊಂದರೆಯಿಂದ ಎರಡೇ ತಿಂಗಳಲ್ಲಿ ಅವುಗಳನ್ನು ಬಂದರಿಗೆ ಎಳೆದು ತರಬೇಕಾಯಿತು. ಅಷ್ಟರಲ್ಲಿ ಹಣ ಹಾಕಿದ್ದ ಸಂಸ್ಥೆ ಆರ್ಥಿಕ ಕುಸಿತದಲ್ಲಿ ಸಿಕ್ಕಿಕೊಂಡಿತು. ಯಂತ್ರಗಳು ಮರಳಿ ಕಡಲಿಗೆ ಹೋಗಲಿಲ್ಲ. ಬೇರಿಂಗನ್ನು ಸರಿಮಾಡಬಹುದಿತ್ತು. ಸರಿಮಾಡುವ ತನಕ ಕಾಯುವ ದುಡ್ಡು ಇರಲಿಲ್ಲ. ಬಂಡವಾಳದ ಪಟ್ಟಿಯಲ್ಲಿ ಒಂದು ವರ್ಷ ಆದಾಯವಿಲ್ಲದೆ ನಿಲ್ಲುವಷ್ಟು ಮೀಸಲು ಹಣ ಬರೆಯಬೇಕು ಎನ್ನುವುದು ಇದಕ್ಕೇ.

ಮುಂದೆ ಅಗ್ಗವಾಗುತ್ತದೆ ಎಂಬ ವಾದಕ್ಕೂ ಲೆಕ್ಕವಿದೆ. ಒಟ್ಟು ಸಾಮರ್ಥ್ಯ ದುಪ್ಪಟ್ಟಾದಾಗಲೆಲ್ಲ ಬೆಲೆ ಶೇ 15 ಇಳಿಯುವುದಾದರೆ, 10 ಮೆಗಾವ್ಯಾಟ್‌ನಿಂದ 1,000ಕ್ಕೆ ಹೋಗುವಷ್ಟರಲ್ಲಿ ಅದು ಮೂರನೇ ಒಂದಕ್ಕೆ ಬರುತ್ತದೆ. ಆದರೆ ಇದು ಒಂದೇ ಬಗೆಯ ಯಂತ್ರವನ್ನು ಮತ್ತೆ ಮತ್ತೆ ಕಟ್ಟಿದರೆ. ಗಾಳಿ ವಿದ್ಯುತ್ತಿನವರು ಮೂರು ರೆಕ್ಕೆಯ ಯಂತ್ರದಲ್ಲಿ ಒಮ್ಮತಕ್ಕೆ ಬಂದರು. ಅಲೆಯವರು ಇನ್ನೂ ತೇಲುಬುರುಡೆ, ಹಾವಿನಂಥ ಸರಣಿ, ಗಾಳಿಕೋಣೆ (ಒಳಗೆ ಏರಿಳಿಯುವ ನೀರು ಗಾಳಿಯನ್ನು ತಳ್ಳಿ ಟರ್ಬೈನ್ ತಿರುಗಿಸುವ ಕೋಣೆ), ತಳಕ್ಕೆ ಕೀಲು ಹಾಕಿದ ಹಲಗೆ ಎಂದು ಹಂಚಿಹೋಗಿದ್ದಾರೆ. ಬೇರೆ ಬಗೆಯ ಯಂತ್ರದ ಅನುಭವವನ್ನು ನಿಮ್ಮ ಯಂತ್ರದ ಖಾತೆಗೆ ಜಮಾ ಮಾಡಿಕೊಳ್ಳಬೇಡಿ.

ಬಿರುಗಾಳಿಯ ಖರ್ಚನ್ನು ಬೇರೆಯವರ ಹೆಗಲಿಗೆ ದಾಟಿಸುವ ದಾರಿ ಒಂದಿದೆ: ಹೇಗೂ ಕಟ್ಟಲೇಬೇಕಾದ ಅಲೆತಡೆ ಗೋಡೆಯಲ್ಲಿ ಗಾಳಿಕೋಣೆಗಳನ್ನು ಇಡುವುದು. ಸ್ಪೇನಿನ ಮುತ್ರಿಕುವಿನಲ್ಲಿ 2011ರಲ್ಲಿ ಹೀಗೆ ತಲಾ 18.5 ಕಿಲೊವ್ಯಾಟ್‌ನ 16 ಟರ್ಬೈನ್‌ಗಳನ್ನು ಚಾಲೂ ಮಾಡಿದರು. ಲಂಗರು ಬೇಡ, ಟಗ್ ಬೇಡ, ರಿಪೇರಿಗೆ ನಡೆದುಕೊಂಡೇ ಹೋಗಬಹುದು. ಇಂಥಲ್ಲಿ ಗೋಡೆಯ ಪೂರ್ತಿ ಖರ್ಚನ್ನಲ್ಲ, ಕೋಣೆಗಳಿಗಾಗಿ ಹೆಚ್ಚಾದ ಕಾಂಕ್ರೀಟಿನ ಖರ್ಚನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಆದರೆ ಅಲೆ ದಾಖಲೆ ಗೋಡೆಯ ಬುಡದ್ದೇ ಆಗಿರಲಿ. ದಡಕ್ಕೆ ಬರುವಷ್ಟರಲ್ಲಿ ಅಲೆ ತಳಕ್ಕೆ ಉಜ್ಜಿ, ಒಡೆದು ಸೊರಗಿರುತ್ತದೆ. ಆಳ ಕಡಲಿನಲ್ಲಿ ತೇಲುತ್ತ ಅಲೆ ಅಳೆಯುವ ಬೋಯೆಯ ಅಂಕಿ ಇಲ್ಲಿಗೆ ಹೊಂದುವುದಿಲ್ಲ. ಗೋಡೆಯ ಉದ್ದ ಮುಗಿದಲ್ಲಿ ಸಾಮರ್ಥ್ಯವೂ ಮುಗಿಯಿತು: ಮುತ್ರಿಕುವಿನ ಹದಿನಾರೂ ಸೇರಿ 296 ಕಿಲೊವ್ಯಾಟ್.