ಒಂದನೆಯ ಪೀಟರ್ ದ್ವೀಪ: ನಕ್ಷೆಯನ್ನೂ ಹೆಸರುಗಳನ್ನೂ ಓದುವ ಕ್ರಮ

ನಿರ್ಜನವಾದ ಧ್ರುವದ್ವೀಪವೊಂದನ್ನು ಕುರಿತು ಬರೆಯುವವರು ಮೊದಲು ಅದರ ಸ್ಥಾನವನ್ನು ಖಚಿತಪಡಿಸಿಕೊಳ್ಳಬೇಕು. ಅಂಟಾರ್ಕ್ಟಿಕಾದ ಕರಾವಳಿಯಿಂದ ಸುಮಾರು 450 ಕಿಲೋಮೀಟರ್ ದೂರದಲ್ಲಿ, ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದಲ್ಲಿರುವ ಒಂದನೆಯ ಪೀಟರ್ ದ್ವೀಪ ಇದಕ್ಕೆ ಒಳ್ಳೆಯ ಉದಾಹರಣೆ. ಅದು ದಕ್ಷಿಣ ಅಕ್ಷಾಂಶ 68 ಡಿಗ್ರಿ 50 ನಿಮಿಷದ ಆಸುಪಾಸಿನಲ್ಲಿದೆ. ಮರ್ಕೇಟರ್ ಮಾದರಿಯ ನಕ್ಷೆ ಅಷ್ಟು ದಕ್ಷಿಣದ ನೆಲದ ವಿಸ್ತೀರ್ಣವನ್ನು ಏಳು ಪಟ್ಟಿಗೂ ಹೆಚ್ಚು ಹಿಗ್ಗಿಸಿ ತೋರಿಸುವುದರಿಂದ, ದಕ್ಷಿಣ ಧ್ರುವವನ್ನು ನಡುವಿಟ್ಟು ರಚಿಸಿದ ನಕ್ಷೆಯನ್ನೇ ಬಳಸಿ.

ಬಳಿಕ ನೆಲದ ಸ್ವರೂಪವನ್ನು ಗಮನಿಸಿ. ಸುಮಾರು 155 ಚದರ ಕಿಲೋಮೀಟರ್ ವಿಸ್ತಾರದ ಈ ಜ್ವಾಲಾಮುಖಿ ದ್ವೀಪವನ್ನು ಬಹುಪಾಲು ಹಿಮನದಿಗಳು ಮುಚ್ಚಿವೆ. ಶಿಖರದ ಎತ್ತರ ಸುಮಾರು 1,640 ಮೀಟರ್. ದಡದ ಸುತ್ತ ಹಿಮದ ಕಡಿದಾದ ಗೋಡೆಗಳಿವೆ, ಅದರಾಚೆ ತೇಲುವ ಹಿಮರಾಶಿ. ಇದನ್ನು ಅರಿಯದೆ ಮುಂದಿನ ಇತಿಹಾಸ ಅರ್ಥವಾಗದು.

ಹೆಸರುಗಳ ವಿಷಯದಲ್ಲಿ ಕಂಡವರು, ಕಾಲಿಟ್ಟವರು, ಹಕ್ಕು ಸಾರಿದವರು ಯಾರೆಂದು ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು. ಹೆಚ್ಚಿನ ಗೊಂದಲ ಹುಟ್ಟುವುದು ಇವನ್ನು ಬೆರೆಸುವುದರಿಂದಲೇ. 1821ರ ಜನವರಿ 21ರಂದು ರಷ್ಯದ ನೌಕಾಧಿಕಾರಿ ಬೆಲ್ಲಿಂಗ್ಸ್‌ಹೌಸೆನ್ ದ್ವೀಪವನ್ನು ಕಂಡು, ರಷ್ಯದ ನೌಕಾಪಡೆಯನ್ನು ಕಟ್ಟಿದ ಸಾಮ್ರಾಟನ ಹೆಸರನ್ನು ಅದಕ್ಕಿಟ್ಟರು. ಹಿಮ ಅಡ್ಡವಿದ್ದುದರಿಂದ ದಡ ಸೇರಲಾಗಲಿಲ್ಲ. (ರಷ್ಯದ ಅಂದಿನ ಪಂಚಾಂಗ ಇಂದಿನದಕ್ಕಿಂತ 12 ದಿನ ಹಿಂದಿತ್ತು; ಹಳೆಯ ದಾಖಲೆಗಳನ್ನು ಓದುವಾಗ ಇದು ನೆನಪಿರಲಿ.) ಮನುಷ್ಯರು ಅಲ್ಲಿ ಮೊದಲು ಇಳಿದದ್ದು 1929ರ ಫೆಬ್ರವರಿ 2ರಂದು, ಅಂದರೆ ಶತಮಾನಕ್ಕೂ ಹೆಚ್ಚು ಕಾಲದ ನಂತರ. ನಿಲ್ಸ್ ಲಾರ್ಸೆನ್ ಮತ್ತು ಓಲಾ ಓಲ್‌ಸ್ಟಾಡ್ ನೇತೃತ್ವದ ಆ ನಾರ್ವೇಜಿಯನ್ ತಂಡ 'ನಾರ್ವೇಜಿಯಾ' ಹಡಗಿನಲ್ಲಿ ಬಂದಿತ್ತು. ಖರ್ಚು ತಿಮಿಂಗಿಲ ಬೇಟೆಯ ಉದ್ಯಮಿ ಲಾರ್ಸ್ ಕ್ರಿಸ್ಟೆನ್ಸೆನ್ ಅವರದು. ಶಿಖರಕ್ಕೆ ಅವರ ಹೆಸರು, ಒಂದು ಭೂಶಿರಕ್ಕೆ ಅವರ ಪತ್ನಿ ಇಂಗ್ರಿಡ್ ಹೆಸರು, ಒಂದು ಕೊಲ್ಲಿಗೆ ಹಡಗಿನ ಹೆಸರು ಬಂದದ್ದು ಹೀಗೆ. ದ್ವೀಪದ ಹೆಸರು ರಷ್ಯದ್ದಾಗಿ ಒಳಗಿನ ಹೆಸರುಗಳು ನಾರ್ವೆಯವಾಗಿರುವುದನ್ನು ನಕ್ಷೆಯಲ್ಲಿ ಕಂಡರೆ, ದೂರದಿಂದ ನೋಡಿದವರು ಯಾರು, ನೆಲ ಮುಟ್ಟಿದವರು ಯಾರು ಎಂಬುದು ಅಲ್ಲೇ ತಿಳಿಯುತ್ತದೆ. ನಾನಂತೂ ಯಾವುದೇ ಧ್ರುವದ್ವೀಪದ ಇತಿಹಾಸದ ಅಧ್ಯಯನವನ್ನು ಒಳಗಿನ ಹೆಸರುಗಳಿಂದಲೇ ಆರಂಭಿಸಬೇಕೆಂದು ಹೇಳುತ್ತೇನೆ.

ಒಡೆತನದ ಬಗ್ಗೆ ಬರೆಯುವಾಗ ಪದಗಳನ್ನು ತೂಗಿ ಬಳಸಬೇಕು. ನಾರ್ವೆ 1931ರಲ್ಲಿ ದ್ವೀಪವನ್ನು ತನ್ನದೆಂದು ಘೋಷಿಸಿತು. ಆದರೆ 1961ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕ್ ಒಪ್ಪಂದ 60 ಡಿಗ್ರಿಗಿಂತ ದಕ್ಷಿಣದ ಇಂಥ ಹಕ್ಕುಗಳನ್ನು ಮಾನ್ಯ ಮಾಡುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಆದ್ದರಿಂದ 'ನಾರ್ವೆ ಹಕ್ಕು ಸಾರಿರುವ ದ್ವೀಪ' ಎಂದು ಬರೆಯುವುದು ಸರಿ. ನಾರ್ವೆಯದೇ ಆದ ಬೂವೆ ದ್ವೀಪ 54 ಡಿಗ್ರಿಯಲ್ಲಿದ್ದು ಒಪ್ಪಂದದ ಗಡಿಯ ಹೊರಗಿರುವುದರಿಂದ, ಅದಕ್ಕೆ ಈ ಎಚ್ಚರಿಕೆ ಬೇಕಿಲ್ಲ.