ಲಾರಿ ಎಣಿಸುವ ಮೊದಲು ಲೋಡು ಕೇಳಿ

ಮಂಗಳೂರು ಬಂದರಿನ ಆಸುಪಾಸಿನ ರಸ್ತೆಗಳಲ್ಲಿ ಇನ್ನು ಹದಿನೈದು ವರ್ಷಕ್ಕೆ ಎಷ್ಟು ಲಾರಿ ಓಡಬಹುದು? 2011ರಲ್ಲಿ ನನ್ನ ಪಾಲಿಗೆ ಬಂದ ಮೊದಲ ದೊಡ್ಡ ಕೆಲಸ ಇದು. ಹಿಂದಿನ ಕೆಲವು ವರ್ಷಗಳ ಎಣಿಕೆ ಕೈಯಲ್ಲಿತ್ತು. ಅದನ್ನು ಗ್ರಾಫಿಗೆ ಹಾಕಿ, ಗೆರೆಯನ್ನು ಹಾಗೇ ಮುಂದಕ್ಕೆ ಎಳೆದೆ. ಎರಡೇ ದಿನದಲ್ಲಿ ಮುಗೀತು.

ಅದೇ ವಾರ ಪಣಂಬೂರಿನ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಲೆಕ್ಕ ಬರೆಯುವ ಹಿರಿಯ ರೈಟರ್ ಒಬ್ಬರಿಗೆ ಆ ಗ್ರಾಫ್ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ ಕೇಳಿದರು: "ಇದರಲ್ಲಿ ಅದಿರಿನ ಲಾರಿ ಎಷ್ಟುಂಟು ಮಾರಾಯ್ರೆ?"

ನನಗೆ ಗೊತ್ತಿರಲಿಲ್ಲ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತ್ತು. ಅದಕ್ಕೂ ಮೊದಲು ಬಳ್ಳಾರಿ ಕಡೆಯಿಂದ ಘಾಟಿ ಇಳಿದು ಬರುತ್ತಿದ್ದ ಲಾರಿಗಳೇ ನನ್ನ ಗೆರೆಯನ್ನು ಮೇಲಕ್ಕೆತ್ತಿದ್ದವು. ಬರುವುದೇ ನಿಂತ ಲಾರಿಗಳಿಗೆ ನಾನು ಹದಿನೈದು ವರ್ಷದ ರಸ್ತೆ ಲೆಕ್ಕ ಹಾಕಿದ್ದೆ.

ಮತ್ತೆ ಮೊದಲಿಂದ ಶುರು ಮಾಡಿದೆ. ಈ ಸಲ ಒಂದೊಂದು ಸರಕನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದೆ. ಬಂದರಿನ ಟನ್ನೇಜ್, ಅಂದರೆ ಒಟ್ಟು ಸರಕಿನ ತೂಕ, ಏರಿದ ಹಾಗೆ ಲಾರಿಯೂ ಏರುತ್ತದೆ ಅಂದುಕೊಂಡಿದ್ದೆನಲ್ಲ, ಅದು ಅಲ್ಲೇ ಬಿದ್ದುಹೋಯಿತು. ಕಚ್ಚಾ ತೈಲ ಹಡಗಿನಿಂದ ಶುದ್ಧೀಕರಣ ಕಾರ್ಖಾನೆಯಾದ ಎಂಆರ್‌ಪಿಎಲ್‌ಗೆ ಪೈಪಿನಲ್ಲೇ ಹೋಗುತ್ತದೆ. ಪಡುಬಿದ್ರಿ ಹತ್ತಿರದ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೋಗುವುದು ರೈಲಿನಲ್ಲಿ. ಕುದುರೆಮುಖದ ಅದಿರು ಕೂಡ, ಗಣಿ ನಿಲ್ಲುವವರೆಗೆ, ನೀರಿನ ಜೊತೆ ಪೈಪಿನಲ್ಲೇ ಇಳಿದು ಬರುತ್ತಿತ್ತು. ರಸ್ತೆಗೆ ಬರುವುದು ಗೊಬ್ಬರ, ಮರದ ದಿಮ್ಮಿ, ಕಚ್ಚಾ ಗೋಡಂಬಿ, ಕಾಫಿ ಕಂಟೇನರ್, ಸಿಮೆಂಟ್ ಇಂಥವು. ಗೊಬ್ಬರ ಮಳೆಯನ್ನೂ ಬಿತ್ತನೆಯನ್ನೂ ನೋಡಿ ಹೊರಡುತ್ತದೆ, ಗೋಡಂಬಿ ಕಾರ್ಖಾನೆಯನ್ನು ನೋಡಿ. ಎಲ್ಲಕ್ಕೂ ಒಂದೇ ಶೇಕಡಾ ಹಚ್ಚಿದರೆ ಹೇಗೆ ಸರಿಯಾದೀತು?

ಆಮೇಲೆ ಬೈಕಂಪಾಡಿಯಲ್ಲಿ ರಸ್ತೆ ಬದಿ ನಿಂತೆವು. ಪೊಲೀಸರು ಲಾರಿ ನಿಲ್ಲಿಸಿಕೊಡುತ್ತಿದ್ದರು. ಎಲ್ಲಿಂದ, ಎಲ್ಲಿಗೆ, ಏನು ಲೋಡು, ಎಷ್ಟು ಟನ್? ಇಷ್ಟೇ ನಮ್ಮ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಹಾಸನದ ಒಬ್ಬ ಡ್ರೈವರ್ "ಖಾಲಿ" ಅಂದರು. ನಾನು ಖಾಲಿ ಅಂತ ಬರೆದು ಮುಂದಿನ ಲಾರಿ ಕಡೆ ತಿರುಗಿದೆ. ಅವರು ಕರೆದು ಹೇಳಿದರು: "ಮೂರು ದಿನ ಆಯ್ತು ಸರ್, ರಿಟರ್ನ್ ಲೋಡ್ ಸಿಗ್ಲಿಲ್ಲ. ಹೆದ್ದಾರಿ ಪಕ್ಕದಲ್ಲೇ ಮಲಗಿದ್ದೆ. ಅದನ್ನೂ ಬರ್ಕೊಳ್ಳಿ." ಕ್ಯಾಬಿನ್ನಿನಲ್ಲಿ ಸೀಮೆಎಣ್ಣೆ ಸ್ಟವ್, ಅನ್ನದ ಪಾತ್ರೆ, ಒಣಗಲು ಹಾಕಿದ ಲುಂಗಿ. ನನ್ನ ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ. ಮರುದಿನದಿಂದ "ಎಷ್ಟು ಹೊತ್ತು ಕಾದಿರಿ?" ಎಂಬ ಐದನೇ ಪ್ರಶ್ನೆ ಸೇರಿತು. ರಸ್ತೆ ಎಷ್ಟು ಅಗಲ ಬೇಕು ಎಂದಷ್ಟೇ ನಾವು ಕೇಳುತ್ತಿದ್ದೆವು. ಆದರೆ ಅಲ್ಲಿ ತುರ್ತಾಗಿ ಬೇಕಿದ್ದದ್ದು ಲಾರಿ ನಿಲ್ಲಲು ಜಾಗ, ಡ್ರೈವರಿಗೆ ಸ್ನಾನಕ್ಕೆ ನೀರು. ಈ ಮಾತನ್ನು ಪ್ರತಿ ವರದಿಯಲ್ಲೂ ಬರೆಯುತ್ತಾ ಬಂದಿದ್ದೇನೆ.

ಎಣಿಕೆಯ ತಿಂಗಳೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ಮೀನುಗಾರಿಕೆ ಬಂದ್, ಮಲ್ಪೆಯ ಮೀನಿನ ಲಾರಿ ಆಗ ಸಿಗುವುದಿಲ್ಲ. 2015ರಲ್ಲೂ 2018ರಲ್ಲೂ ಶಿರಾಡಿ ಘಾಟಿ ಕಾಂಕ್ರೀಟ್ ಕೆಲಸಕ್ಕೆ ತಿಂಗಳುಗಟ್ಟಲೆ ಮುಚ್ಚಿತ್ತು. ಆಗ ಬೇರೆ ದಾರಿಯಲ್ಲಿ ಎಣಿಸಿದರೆ ಅಲ್ಲಿ ಬೇಡಿಕೆ ಏರಿದೆ ಅಂತಲೇ ಕಾಣುತ್ತದೆ.

ಇನ್ನು ತೂಕ. ರಸ್ತೆಯನ್ನು ಹಾಳು ಮಾಡುವುದು ಲಾರಿಯ ಸಂಖ್ಯೆಗಿಂತ ಅದರ ಆಕ್ಸಲ್ ಭಾರ, ಅಂದರೆ ಚಕ್ರಗಳ ಒಂದೊಂದು ಅಚ್ಚಿನ ಮೇಲೆ ಬೀಳುವ ತೂಕ. ಭಾರ ದುಪ್ಪಟ್ಟಾದರೆ ಹಾನಿ ಸುಮಾರು ಹದಿನಾರು ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರದ ಒಂದು ಆಕ್ಸಲ್ಲಿಗೆ ಇದ್ದ ಮಿತಿಯನ್ನು 10.2 ಟನ್ನಿಂದ 11.5 ಟನ್ನಿಗೆ ಏರಿಸಿತು. ಕೇಳಲು ಸಣ್ಣದು, ಅಲ್ವಾ? ಲೆಕ್ಕ ಹಾಕಿದರೆ ತುಂಬಿದ ಆಕ್ಸಲ್ ಒಂದು ಮಾಡುವ ಹಾನಿ ಸುಮಾರು 60 ಶೇಕಡಾ ಜಾಸ್ತಿ. ಅದಕ್ಕೇ ವೇಬ್ರಿಡ್ಜ್ ಚೀಟಿ ಸಿಕ್ಕಲ್ಲೆಲ್ಲ ನೋಡುತ್ತೇನೆ, ಬಾಯಿಮಾತಿನ ಟನ್ ನಂಬುವುದಿಲ್ಲ.

ಈಗ ನಾನು ಮೂರು ಅಂಕಿ ಕೊಡುತ್ತೇನೆ: ಕಡಿಮೆ, ನಡುವಿನದು, ಜಾಸ್ತಿ. ವರ್ಷಕ್ಕೆ 5 ಶೇಕಡಾ ಬೆಳೆದರೆ ಹದಿನೈದು ವರ್ಷದಲ್ಲಿ ಎರಡು ಪಟ್ಟು, 8 ಶೇಕಡಾ ಆದರೆ ಮೂರು ಪಟ್ಟಿಗೂ ಮೇಲೆ. ಇತ್ತೀಚೆಗೆ ಒಬ್ಬ ಅಧಿಕಾರಿ, "ಮೂರು ಬೇಡ, ಒಂದು ಹೇಳಿ" ಅಂದರು. ನಾನು ಹೇಳಿದೆ: "ಜಾಗವನ್ನು ಜಾಸ್ತಿಯ ಅಂಕಿಗೆ ತೆಗೆದುಕೊಳ್ಳಿ, ಆಮೇಲೆ ಸಿಗಲಿಕ್ಕಿಲ್ಲ. ಡಾಂಬರು ನಡುವಿನ ಅಂಕಿಗೆ ಹಾಕಿ, ಐದು ವರ್ಷಕ್ಕೊಮ್ಮೆ ಎಣಿಸಿ ಮೇಲೊಂದು ಪದರ ಕೊಡಬಹುದು." ಅವರು ಅದನ್ನು ಕಡತದಲ್ಲಿ ಹಾಗೇ ಬರೆಸಿಕೊಂಡರು.